ಮೊದಲ ಒಬ್ಬೆ

ಮಾಜಿವಾಡಾ, ಠಾಣೆ
18 ಜೂನ್ 2007

ಪ್ರಿಯ ಲೀಲಾಧರ,

ನಿನ್ನ ರಕ್ತದ ರಿಪೋರ್ಟಿನ ಜೊತೆ ಈ ಕಾಗದವನ್ನೂ ಇಟ್ಟಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕಿಳಿಯುತ್ತೇವೆ, ನಾಲ್ಕನೆಯ ಮಾತಿಗೆ ನೀನು ಗಿರಾಕಿ ಬಂದರು ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತು ಓದು, ಮುಗಿಸಿಯೇ ಏಳು.

ಈ ಲ್ಯಾಬಿನಲ್ಲಿ ಕೂತು ಇಷ್ಟು ವರ್ಷ ಊರವರ ರಕ್ತ ನೋಡಿದ್ದೇನೆ. ಯಾರದ್ದನ್ನೂ ಎರಡನೆಯ ಸಲ ಪರೀಕ್ಷಿಸಿರಲಿಲ್ಲ, ನಿನ್ನ ಹೆಸರಿನ ಚೀಟಿ ನೋಡಿ ಮೂರು ಸಲ ಪರೀಕ್ಷಿಸಿದೆ. ಸೊಂಟದ ಸುತ್ತಳತೆ, ಬಿ.ಪಿ., ಬರಿಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಎಚ್‌ಡಿಎಲ್ ಎಂಬ ಒಳ್ಳೆಯ ಕೊಬ್ಬು. ಇವುಗಳಲ್ಲಿ ಮೂರು ಕೆಟ್ಟರೆ ಡಾಕ್ಟರರು ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಿನ್ನವು ಐದೂ ಕೆಟ್ಟಿವೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡ ರೋಗವಲ್ಲ, ಅದಕ್ಕೇ ನೀನು ನಗುತ್ತೀ.

ನನಗೆ ಹೆದರಿಕೆ ಇನ್ನೊಂದರದ್ದು. ಕೊನೆಯ ಸಾಲಿನಲ್ಲಿ ಸಿಆರ್‌ಪಿ ಎಂದಿದೆ, ನೋಡು. ಮೈಯೊಳಗೆ ಉರಿಯೂತ ನಡೆಯುತ್ತಿದೆ ಎಂದು ಅದು ತಿಳಿಸುತ್ತದೆ. ಕಾಲಿಗೆ ಮುಳ್ಳು ಹೊಕ್ಕರೆ ಕೆಂಪಾಗಿ ಊದುತ್ತದಲ್ಲ, ಅಂಥದ್ದೇ. ಆದರೆ ಇದರಲ್ಲಿ ನೋವಿಲ್ಲ, ಊತ ಕಾಣುವುದಿಲ್ಲ. ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಆ ಕೆಂಡವನ್ನು ಊದುತ್ತಿರುತ್ತದೆ. ನಾವು ತಿನ್ನುವ ಜಿಡ್ಡಿನಲ್ಲಿ ಕೆಲವು ಅದಕ್ಕೆ ಸೌದೆ, ಕೆಲವು ನೀರು. ಡಬ್ಬದ ವನಸ್ಪತಿ ತುಪ್ಪ ಸೌದೆ. ಕಾಯಿಸಿ ಕಾಯಿಸಿ ಕಪ್ಪಾದ ಎಣ್ಣೆ ಸೌದೆ. ಬಂಗುಡೆ, ಬೂತಾಯಿ ಮೀನಿನ ಕೊಬ್ಬು ನೀರು. ಕೊಬ್ಬೆಲ್ಲ ಒಂದೇ ಜಾತಿಯಲ್ಲ. ಮೀನು ಬಿಡಬೇಡ, ಕರಿದದ್ದು ಬಿಡು.

ಅಪ್ಪನಿಗೂ ಇದೇ ಹೊಟ್ಟೆ ಇತ್ತು. ಐವತ್ತಾರನೆಯ ವಯಸ್ಸಿನಲ್ಲಿ ಗಲ್ಲಾದ ಮೇಲೆ ತಲೆಯಿಟ್ಟು ಮಲಗಿದ ಹಾಗೆ ಹೋದರು. ಗಿರಾಕಿಯೊಬ್ಬ ಚಿಲ್ಲರೆಗಾಗಿ ಎದುರಿಗೆ ಸ್ವಲ್ಪ ಹೊತ್ತು ಕಾದಿದ್ದನಂತೆ. ನಿನಗೀಗ ನಲವತ್ತೊಂಬತ್ತು.

ನಿನ್ನ ಅಕ್ಕ,
ರತ್ನಾವತಿ


ಡೊಂಬಿವಲಿ (ಪೂರ್ವ)
2 ಜುಲೈ 2007

ಪ್ರೀತಿಯ ಅಕ್ಕ,

ನಿನ್ನ ಆಜ್ಞೆಯಂತೆ ಗಲ್ಲಾದಲ್ಲಿ ಕೂತೇ ಓದಿದೆ. ನಡುವೆ ಯಾರಾದರೂ ಬಿಲ್ಲು ಕೊಡದೆ ಹೋಗಿದ್ದರೆ ಅದು ನಿನ್ನ ಖಾತೆಗೆ.

ಹೊಟ್ಟೆಯ ಬಗ್ಗೆ ನನ್ನದೂ ಒಂದು ಮಾತು ಕೇಳು. ಹೋಟೆಲಿನವನಿಗೆ ಹೊಟ್ಟೆ ಇರಬೇಕು. ಮಾಲೀಕ ಒಣಗಿದ್ದರೆ ಅವನ ಇಡ್ಲಿಯೂ ಒಣಗಿದೆ ಎಂದು ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಆದರೂ ಅಪ್ಪನ ಮಾತು ಬರೆದೆಯಲ್ಲ, ಅಲ್ಲಿ ನನ್ನ ನಗು ನಿಂತಿತು. ಸ್ಟೇಷನ್ನಿನ ಬ್ರಿಜ್ ಹತ್ತುವಾಗ ನಡುವೆ ನಿಂತು, ಜಾಹೀರಾತು ಓದುವವನ ಹಾಗೆ ನಟಿಸುವುದು ನನಗೆ ಈಗ ಅಭ್ಯಾಸವಾಗಿದೆ. ನಿನಗೆ ಹೇಳಿರಲಿಲ್ಲ.

ಅದಕ್ಕೇ ನಿನ್ನೆ ನಮ್ಮ ನವದುರ್ಗಾ ಹೋಟೆಲಿನ ದೇವರ ಪಟದ ಮುಂದೆ ಕೈಮುಗಿದು ಹರಕೆ ಹೊತ್ತೆ. ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ, ಕೋಳಿ ಇಲ್ಲ, ಮೀನೂ ಇಲ್ಲ. ಹೋಟೆಲಿನ ತಿಂಡಿ ಒಂದು ತುಂಡೂ ಬಾಯಿಗೆ ಹಾಕುವುದಿಲ್ಲ. ನೀನು ಬಂಗುಡೆ ತಿನ್ನು ಎಂದು ಬರೆದದ್ದನ್ನು ಓದಿ ಹೇಳಿದರೆ ಚಂಪಾ, "ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಅಂದ ಹಾಗಾಯ್ತು" ಎಂದು ನಕ್ಕಳು. ನನ್ನ ಹೆಂಡತಿಗೆ ನಿನ್ನ ಮೇಲೆ ಗೌರವ ಉಂಟು, ಆದರೆ ಕೊಬ್ಬು ಅಂದ ಮೇಲೆ ಕೊಬ್ಬೇ ಅಲ್ಲವಾ ಅಕ್ಕ. ಬಿಟ್ಟರೆ ಪೂರ್ತಿ ಬಿಡಬೇಕು.

ಮಗ ಮಯೂರ್ ಚೆನ್ನಾಗಿದ್ದಾನೆ. ರಬಾಳೆಯ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ಎರಡು ಟ್ರೈನು ಬದಲಾಯಿಸಿ ಹೋಗಿ ಬರುವುದರಲ್ಲಿ ಕಡ್ಡಿಯಾಗಿದ್ದಾನೆ. ಭಾನುವಾರ ಪೆಟ್ಟಿಗೆಯಲ್ಲಿದ್ದ ಅಪ್ಪನ ಬಿಳಿ ಅಂಗಿಯನ್ನು ತಮಾಷೆಗೆ ತೊಟ್ಟು ಬಂದ. ಅದರೊಳಗೆ ಇನ್ನೊಬ್ಬ ಮಯೂರ್ ಹಿಡಿಸುತ್ತಿದ್ದ. ನಕ್ಕು ಸಾಕಾಯಿತು.

ನಿನ್ನ ತಮ್ಮ,
ಲೀಲಾಧರ


ಮಾಜಿವಾಡಾ
22 ಅಕ್ಟೋಬರ್ 2007

ಲೀಲಾಧರ,

ಮೂರು ತಿಂಗಳ ನಂತರದ ರಿಪೋರ್ಟ್ ಇದರೊಳಗಿದೆ. ತೂಕ ಇಳಿದಿದೆ, ಸಕ್ಕರೆ ಕೊಂಚ ಇಳಿದಿದೆ. ಶಹಬ್ಬಾಸ್ ಎನ್ನಬೇಕೆಂದು ಪೆನ್ನು ತೆಗೆದಿದ್ದೆ. ಸಿಆರ್‌ಪಿ ನೋಡಿ ಮುಚ್ಚಿದೆ. ಅದು ಏರಿದೆ. ನಾಲ್ಕಿದ್ದದ್ದು ಆರರ ಹತ್ತಿರ ಬಂದಿದೆ.

ರಕ್ತ ಕೊಟ್ಟ ವಾರ ಜ್ವರ ಇತ್ತೇ? ಹಲ್ಲುನೋವು, ವಸಡಿನಲ್ಲಿ ಕೀವು? ಕಾಲಿಗೆ ಗಾಯ? ಅವುಗಳಿಂದಲೂ ಏರುತ್ತದೆ. ಏನೂ ಇರಲಿಲ್ಲವೆಂದಾದರೆ ನಿನ್ನ ಬಾಯಿಗೆ ಏನೋ ಹೋಗುತ್ತಿದೆ. ಮೀನು ಬಿಟ್ಟದ್ದು ತಪ್ಪು ಎಂದು ಆಗಲೇ ಹೇಳಿದ್ದೆ, ನೀನು ಕೇಳುವವನಲ್ಲ. ಆದರೆ ಬರೀ ಅದರಿಂದ ಇಷ್ಟು ಆಗುವುದಿಲ್ಲ.

ಎದ್ದಾಗಿನಿಂದ ಮಲಗುವವರೆಗೆ ಏನೇನು ತಿನ್ನುತ್ತೀ, ಬರೆ. ದೊಡ್ಡದು ಚಿಕ್ಕದು ಎಂದು ಆರಿಸಬೇಡ. ಸುಳ್ಳು ಬರೆದರೆ ನಿನ್ನ ರಕ್ತ ನನಗೆ ಹೇಳುತ್ತದೆ.

ರತ್ನಾವತಿ


ಡೊಂಬಿವಲಿ
14 ನವೆಂಬರ್ 2007

ಅಕ್ಕ,

ದೀಪಾವಳಿಗೆ ಒಂದು ಚಕ್ಕುಲಿ ಮುರಿದವನಲ್ಲ ನಾನು. ಆ ಕೋಪದಲ್ಲೇ ಬರೆಯುತ್ತಿದ್ದೇನೆ.

ಜ್ವರ ಇಲ್ಲ, ಹಲ್ಲು ಗಟ್ಟಿ ಉಂಟು, ಗಾಯ ಇಲ್ಲ. ಬೆಳಿಗ್ಗೆ ಮನೆಯಲ್ಲಿ ಸಕ್ಕರೆಯಿಲ್ಲದ ಚಹಾ. ಹೋಟೆಲು ತೆರೆದು ಬೆಳಗಿನ ಗಲಾಟೆ ಇಳಿದ ಮೇಲೆ ಒಂದು ಸೇಬು. ಮಧ್ಯಾಹ್ನ ಚಂಪಾ ಕಳಿಸುವ ಡಬ್ಬದಲ್ಲಿ ಎರಡು ಫುಲ್ಕಾ, ಒಗ್ಗರಣೆಯಿಲ್ಲದ ತೊವ್ವೆ, ಬೇಯಿಸಿದ ತರಕಾರಿ. ಸಂಜೆ ಮಜ್ಜಿಗೆ. ರಾತ್ರಿ ಗಂಜಿ, ಅದಕ್ಕೆ ಉಪ್ಪಿನಕಾಯಿಯೂ ಇಲ್ಲ. ಸುತ್ತ ಇಡೀ ದಿನ ದೋಸೆ, ವಡೆ, ಪೂರಿ, ಶೀರಾ. ನಡುವೆ ನಾನು ಉಪವಾಸದ ಋಷಿ. ಮುಟ್ಟಿದರೆ ಕೇಳು. ನಮ್ಮ ವಡೆಯ ಲೋಕನಾಥ ಅಪ್ಪನ ಕಾಲದವನು, ಬಾಣಲೆ ಬಿಟ್ಟು ಕದಲದವನು. ಅವನೇ ಮೊನ್ನೆ, "ಧಣಿ, ನೀವು ಹೀಗೆ ಮಾಡಿದರೆ ಹೋಟೆಲಿಗೆ ದೃಷ್ಟಿ ಆಗ್ತದೆ" ಎಂದು ಬೇಸರ ಮಾಡಿಕೊಂಡ.

ನಿನ್ನ ಮಷಿನ್ ಕೆಟ್ಟಿರಬೇಕು. ಒಮ್ಮೆ ರಿಪೇರಿ ಮಾಡಿಸು.

ಲೀಲಾಧರ


ಮಾಜಿವಾಡಾ
6 ಡಿಸೆಂಬರ್ 2007

ಪ್ರಿಯ ಚಂಪಾ,

ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮನೆಗೆ ಯಾವ ಎಣ್ಣೆ ತರುತ್ತೀ? ಹೋಟೆಲಿನಿಂದ ಉಳಿದ ಎಣ್ಣೆ ಬರುತ್ತದೆಯೇ? ಫುಲ್ಕಾದ ಹಿಟ್ಟಿಗೆ ವನಸ್ಪತಿ ಹಾಕಿ ನಾದಿದರೆ ಮೆತ್ತಗಾಗುತ್ತದೆ ಎಂದು ನೀನೇ ಒಮ್ಮೆ ನನಗೆ ಹೇಳಿದ್ದೆ. ಗಂಡ ಸೊರಗುತ್ತಾನೆಂದು ಮರುಕಪಟ್ಟು ಕದ್ದು ಜಿಡ್ಡು ಸೇರಿಸುವ ಹೆಂಡಂದಿರನ್ನು ನಾನು ಲ್ಯಾಬಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ನಿನ್ನ ಅಡುಗೆಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಈಗಲೇ ನಿಲ್ಲಿಸು. ಅವನ ರಕ್ತ ಸರಿಯಿಲ್ಲ.

ರತ್ನಾವತಿ


ಡೊಂಬಿವಲಿ
3 ಜನವರಿ 2008

ಅತ್ತಿಗೆಯವರಿಗೆ ಚಂಪಾಳ ನಮಸ್ಕಾರ.

ನಿಮ್ಮ ಕಾಗದ ಬಂದು ತಿಂಗಳಾಗುತ್ತ ಬಂತು. ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ. ನನ್ನ ಮನೆಗೆ ಹೋಟೆಲಿನ ಎಣ್ಣೆ ಬರುವುದಿಲ್ಲ. ವನಸ್ಪತಿಯ ಡಬ್ಬವನ್ನು ಜುಲೈ ತಿಂಗಳಲ್ಲೇ ಕೆಳಗಿನ ಮನೆಯವರಿಗೆ ಕೊಟ್ಟೆ. ನಿಮ್ಮ ತಮ್ಮ ಉಪ್ಪಿಲ್ಲ, ಹುಳಿಯಿಲ್ಲ ಎಂದು ತಟ್ಟೆ ಸರಿಸಿದಾಗ ನಾನೂ ಅದೇ ಸಪ್ಪೆ ಗಂಜಿ ಉಂಡು ಎದುರಿಗೆ ಕೂತಿದ್ದೇನೆ. ಮೀನು ಹುರಿಯದೆ ಆರು ತಿಂಗಳಾಯಿತು. ನನ್ನ ತಾಯಿಮನೆಯವರು ಬಂದಾಗ ಅವರಿಗೂ ಹುರಿಯಲಿಲ್ಲ. ಇಷ್ಟು ಮಾಡಿಯೂ ಕಳ್ಳಿ ಎನಿಸಿಕೊಂಡೆ.

ನೀವು ಓದಿದವರು. ಅವರು ಬೆಳಿಗ್ಗೆ ಚಹಾ ಕುಡಿದು ಬರಿಹೊಟ್ಟೆಯಲ್ಲಿ ಮನೆ ಬಿಡುತ್ತಾರೆ. ಆಮೇಲೆ ನನ್ನ ಡಬ್ಬ ಹೋಗುವವರೆಗೆ ಅವರು ಎಲ್ಲಿರುತ್ತಾರೋ ಅಲ್ಲಿ ಕೇಳಿ. ಈ ಸಲ ಸಂಕ್ರಾಂತಿಯ ಅರಸಿನ ಕುಂಕುಮಕ್ಕೆ ಠಾಣೆಗೆ ಬರಲಾಗುವುದಿಲ್ಲ. ಕ್ಷಮಿಸಿ.

ಚಂಪಾ


ಡೊಂಬಿವಲಿ
20 ಮಾರ್ಚ್ 2008

ಪ್ರೀತಿಯ ಅಕ್ಕ,

ಚಂಪಾ ನಿನಗೆ ಫೋನು ಮಾಡಿದ್ದಳಂತೆ. ಕಳೆದ ತಿಂಗಳು ಬ್ರಿಜ್ ಮೇಲೆ ಎದೆ ಹಿಡಿದದ್ದು ನಿಜ. ಎರಡು ದಿನ ಆಸ್ಪತ್ರೆಯಲ್ಲಿ ಮಲಗಿಸಿದರು. ದೊಡ್ಡದು ಆಗಲಿಲ್ಲ, ಇದು ನೋಟಿಸು ಎಂದು ಡಾಕ್ಟರು ಹೇಳಿದರು. ಹೇಳಿದವರ ಮುಖದಲ್ಲಿ ನಗು ಇರಲಿಲ್ಲ. ಆವತ್ತಿನಿಂದ ನನಗೆ ನಿಜವಾಗಿ ಹೆದರಿಕೆ ಆಗಿದೆ, ಅಕ್ಕ. ಟ್ರೈನು ಮುಂಬ್ರಾದ ಸುರಂಗ ಹೊಕ್ಕಾಗ ಹೊರಗೆ ಬರುವವರೆಗೆ ಉಸಿರು ಹಿಡಿಯುತ್ತೇನೆ.

ಒಂದು ಒಳ್ಳೆಯದೂ ಆಯಿತು. ಮಯೂರ್ ರಬಾಳೆಯ ಕೆಲಸ ಬಿಟ್ಟು ಹೋಟೆಲಿಗೆ ಬಂದ. ನಾನು ಕರೆದದ್ದಲ್ಲ. "ಪಪ್ಪಾ, ಆಪ್ ಬೈಠೋ, ಮೈ ದೇಖ್ತಾ ಹೂಂ" ಎಂದು ನನ್ನನ್ನು ಕೂರಿಸಿ ಗಲ್ಲಾದ ಬೀಗದಕೈ ತೆಗೆದುಕೊಂಡ. ಹುಡುಗನಿಗೆ ಕನ್ನಡ ಅರ್ಥ ಆಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇರಲಿ, ಮನಸ್ಸು ನಮ್ಮದೇ.

ಹಾಗಾಗಿ ಅಪ್ಪ ನನಗೆ ತೋರಿಸಿದ್ದನ್ನೆಲ್ಲ ಅವನಿಗೆ ತೋರಿಸುತ್ತಿದ್ದೇನೆ. ಮೊನ್ನೆ ಷಟರ್ ಎತ್ತುವ ಮೊದಲು ಒಳಗೆ ಕರೆದುಕೊಂಡು ಹೋದೆ. ಹಿಂದಿನ ಸಂಜೆ ಸೋಸಿಟ್ಟ ಎಣ್ಣೆಯನ್ನು ಲೋಕನಾಥ ಬಾಣಲೆಗೆ ಸುರಿದ. ಬಾಣಲೆ ಬರಿದಾದರೆ ಗಲ್ಲಾ ಬರಿದಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಹೋಟೆಲು ತೆರೆದ ದಿನದ ಎಣ್ಣೆ ಇವತ್ತಿಗೂ ಪೂರ್ತಿ ಮುಗಿದದ್ದಿಲ್ಲ, ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಆ ಹಳೆ ಎಣ್ಣೆಯಲ್ಲೇ ಮೊದಲ ಒಬ್ಬೆ ಬೇಯಬೇಕು. ಒಬ್ಬೆ ಮತ್ಲಬ್ ಎಂದು ಮಯೂರ್ ಕೇಳಿದ. ಬಾಣಲೆಗೆ ಒಂದು ಸಲಕ್ಕೆ ಬಿಡುವಷ್ಟು ಎಂದೆ. ಮೊದಲ ಒಬ್ಬೆಗೆ ನಾಲ್ಕೇ ವಡೆ. ದೇವಿಯ ಪಟಕ್ಕೆ ತೋರಿಸಿ, ಮಾಲೀಕನಾದವನು ಬಾಣಲೆಯ ಮುಂದೆ ನಿಂತೇ ನಾಲ್ಕನ್ನೂ ತಿಂದು ಮುಗಿಸಬೇಕು, ಯಾರಿಗೂ ಹಂಚಬಾರದು. ಆಮೇಲೆ ಹೊಸ ಎಣ್ಣೆ ಹೊಯ್ಯುವುದು, ಆಮೇಲೆ ಗಿರಾಕಿ. ಅಪ್ಪ ಹೋದಂದಿನಿಂದ ನಾನು ಒಂದು ದಿನವೂ ತಪ್ಪಿಸಿಲ್ಲ, ಆಸ್ಪತ್ರೆಯ ಆ ಎರಡು ದಿನ ಬಿಟ್ಟು. ಹುಡುಗ ಕಣ್ಣು ಬಿಟ್ಟು ನೋಡುತ್ತಿದ್ದ. ನನಗೆ ಅಪ್ಪನ ನೆನಪಾಯಿತು.

ನಿನ್ನ ತಮ್ಮ,
ಲೀಲಾಧರ


ಮಾಜಿವಾಡಾ
27 ಮಾರ್ಚ್ 2008

ಲೀಲಾಧರ,

ನಿನ್ನ ಕಾಗದದ ಕೊನೆಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ ನಾನು. ಪಾಪ, ಚಂಪಾಳ ಮೇಲೆ ಕಳ್ಳತನ ಹೊರಿಸಿದೆ. ಅವಳಿಗೆ ಬೇರೆಯೇ ಬರೆದಿದ್ದೇನೆ, ಕಾಲು ಹಿಡಿಯುವುದೊಂದು ಬಾಕಿ.

ಎದ್ದಾಗಿನಿಂದ ಮಲಗುವವರೆಗೆ ಬರೆ ಎಂದಿದ್ದೆ. ಸೇಬು ಬರೆದೆ, ಮಜ್ಜಿಗೆ ಬರೆದೆ. ಆ ನಾಲ್ಕು ವಡೆ ಯಾಕೆ ಬರೆಯಲಿಲ್ಲ?

ನಾನು ಆ ಅಡುಗೆಮನೆಯೊಳಗೆ ಕಾಲಿಟ್ಟವಳಲ್ಲ. ಹೆಣ್ಣುಮಕ್ಕಳು ಬಾಣಲೆಯ ಹತ್ತಿರ ಬರಬಾರದೆಂದು ಅಪ್ಪ ಹೊರಗೇ ನಿಲ್ಲಿಸುತ್ತಿದ್ದರು. ಅವರು ಮನೆಗೆ ಬಂದಾಗ ಅಂಗಿಯಿಂದ ಬರುತ್ತಿದ್ದ ವಾಸನೆ ನನಗೆ ಈಗಲೂ ಗೊತ್ತು. ತಿಂಡಿಗೆ ಕರೆದರೆ, ಆಯ್ತು ಎನ್ನುತ್ತಿದ್ದರು. ಎಲ್ಲಿ ಆಯ್ತು ಎಂದು ನಾವು ಯಾರೂ ಕೇಳಲಿಲ್ಲ.

ಎಣ್ಣೆ ಕಾದಾಗಲೆಲ್ಲ ಒಡೆಯುತ್ತದೆ. ಮತ್ತೆ ಮತ್ತೆ ಕಾದರೆ ಅದರಲ್ಲಿ ಹುಟ್ಟುವ ವಸ್ತುಗಳು ರಕ್ತನಾಳವನ್ನು ಕೆರಳಿಸುತ್ತವೆ. ಸೋಸಿದರೆ ಕರಿಕು ಹೋಗುತ್ತದೆ, ಅವು ಹೋಗುವುದಿಲ್ಲ. ಹೊಸ ಎಣ್ಣೆ ಬೆರೆಸಿದರೂ ಹಳೆಯದು ಅದರೊಳಗೇ ಇರುತ್ತದೆ. ನಿಮ್ಮ ಹೋಟೆಲಿನಲ್ಲಿ ಎಣ್ಣೆಗೆ ವನಸ್ಪತಿಯೂ ಬೆರೆಯುತ್ತದೆ, ವಡೆ ಗರಿಗರಿ ಬರಲೆಂದು. ನಿನ್ನ ಗಿರಾಕಿಗಳಿಗೂ ಒಳ್ಳೆಯದಲ್ಲ, ಆದರೆ ಅವರು ಹೊಸದು ಸೇರಿದ್ದನ್ನು ಎಂದೋ ಒಂದು ದಿನ ತಿಂದು ಹೋಗುತ್ತಾರೆ. ತೀರ ಕೆಟ್ಟದ್ದನ್ನು ಆರಿಸಿ, ಬರಿಹೊಟ್ಟೆಗೆ, ದಿನವೂ ತಿನ್ನುವವನು ನೀನೊಬ್ಬನೇ. ಮೀನು ಬಿಟ್ಟು ನೀರು ನಿಲ್ಲಿಸಿದೆ, ಸೌದೆ ಹಾಗೇ ಉಳಿಯಿತು, ಅದಕ್ಕೇ ಸಿಆರ್‌ಪಿ ಏರಿದ್ದು. ಒಂದು ದಿನ ನಾಲ್ಕು ವಡೆ ತಿಂದರೆ ಯಾರೂ ಸಾಯುವುದಿಲ್ಲ. ನೀನು ಹದಿನಾಲ್ಕು ವರ್ಷದಿಂದ ತಿನ್ನುತ್ತಿದ್ದೀ. ಅಪ್ಪ ಇಪ್ಪತ್ತಾರು ವರ್ಷ ತಿಂದರು.

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುತ್ತಾರೇನೋ? ಆ ಎಣ್ಣೆಯನ್ನು ಚೆಲ್ಲು. ಬಾಣಲೆಯನ್ನು ಬೂದಿ ಹಾಕಿ ತಿಕ್ಕಿಸು. ನಾಳೆಯೇ.

ರತ್ನಾವತಿ


ಡೊಂಬಿವಲಿ
11 ಏಪ್ರಿಲ್ 2008

ಅಕ್ಕ,

ನಾಲ್ಕು ವಡೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಅದು ತಿಂಡಿಯಲ್ಲ, ಪ್ರಸಾದ. ತೀರ್ಥ ಕುಡಿದದ್ದನ್ನು ಯಾರಾದರೂ ನೀರು ಕುಡಿದ ಲೆಕ್ಕಕ್ಕೆ ಸೇರಿಸುತ್ತಾರಾ? ನಾನು ಸುಳ್ಳು ಬರೆದವನಲ್ಲ. ನನಗೆ ನೆನಪಿಗೇ ಬರಲಿಲ್ಲ.

ಅಪ್ಪ ಮೊದಲ ಒಬ್ಬೆ ತಿಂದದ್ದು ಆಸೆಗಲ್ಲ. ಗಿರಾಕಿಯ ಬಾಯಿಗೆ ಕೊಡುವ ಮೊದಲು ತನ್ನ ಬಾಯಿಗೆ ಇಡದವನು ಹೋಟೆಲು ನಡೆಸಬಾರದು ಎಂದು. ಕೆಟ್ಟದ್ದಿದ್ದರೆ ಅದು ಮೊದಲು ನಮಗೆ ಆಗಲಿ ಎಂದು. ಆ ಮನುಷ್ಯನನ್ನು ಅವರ ನೇಮವೇ ಕೊಂದಿತು ಎನ್ನುತ್ತೀಯಲ್ಲ, ಬರೆಯುವಾಗ ಪೆನ್ನು ಕೆಳಗಿಡಬೇಕು ಎನಿಸಲಿಲ್ಲವಾ?

ಎಣ್ಣೆ ಚೆಲ್ಲುವ ಮಾತು ಇನ್ನೊಮ್ಮೆ ಬರೆಯಬೇಡ. ನಾನು ತಿನ್ನುವ ವಿಚಾರ ಬೇಕಾದರೆ ನೋಡುತ್ತೇನೆ.

ಲೀಲಾಧರ


ಡೊಂಬಿವಲಿ
18 ಆಗಸ್ಟ್ 2008

ಪ್ರೀತಿಯ ಅಕ್ಕ,

ರಿಪೋರ್ಟ್ ತಲುಪಿತು. ಮೂಲೆಯಲ್ಲಿ ನೀನು ಕೆಂಪು ಶಾಯಿಯಲ್ಲಿ ಶಹಬ್ಬಾಸ್ ಎಂದು ಬರೆದದ್ದನ್ನು ಚಂಪಾ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ಓದುತ್ತೇನೆ. ಸಿಆರ್‌ಪಿ ಎರಡಕ್ಕೆ ಇಳಿದಿದೆ. ಬ್ರಿಜ್ ಮೇಲೆ ನಿಲ್ಲದೆ ಹತ್ತಿ ಇಳಿಯುತ್ತೇನೆ, ಜಾಹೀರಾತು ಓದದೆ ಬಹಳ ದಿನವಾಯಿತು. ವಾರಕ್ಕೆ ಮೂರು ದಿನ ಬಂಗುಡೆ, ಬೂತಾಯಿ. ಹುರಿದದ್ದಲ್ಲ, ಸಾರು. ಹರಕೆ ಮುರಿದದ್ದಕ್ಕೆ ದೇವಿಗೆ ತಪ್ಪುಕಾಣಿಕೆ ಹಾಕಿಸಿದೆ. ನಿನ್ನ ಮಷಿನ್ ಕೆಟ್ಟಿರಲಿಲ್ಲ, ಒಪ್ಪಿದೆ. ಬೈದು ಬರೆದದ್ದನ್ನು ಮನಸ್ಸಿನಲ್ಲಿ ಇಡಬೇಡ. ಅಕ್ಕ ಇಲ್ಲದಿದ್ದರೆ ನಾನೂ ಗಲ್ಲಾದ ಮೇಲೆ ತಲೆಯಿಟ್ಟು ಹೋಗುತ್ತಿದ್ದೆ, ಇದು ಹೃದಯದಿಂದ ಬರೆದ ಮಾತು.

ಅಪ್ಪನ ನೇಮಕ್ಕೂ ಭಂಗ ಬರಲಿಲ್ಲ, ಆ ಚಿಂತೆ ನಿನಗೆ ಬೇಡ. ಅಕ್ಷಯ ತೃತೀಯದಿಂದ ಮೊದಲ ಒಬ್ಬೆ ಮಯೂರನದು. ಇಪ್ಪತ್ತೈದರ ಹುಡುಗ, ಕಲ್ಲು ತಿಂದರೂ ಕರಗುತ್ತದೆ. ನಾನು ಬಾಯಿಬಿಟ್ಟು ಕೇಳುವ ಮೊದಲೇ, "ಮೈ ಖಾವೂಂಗಾ ಪಪ್ಪಾ" ಎಂದು ತಾನೇ ತಿನ್ನಲು ಮುಂದೆ ಬಂದ. ಇಂಥ ಮಗನನ್ನು ಪಡೆಯಲು ಪುಣ್ಯ ಬೇಕು.

ನಿನ್ನ ತಮ್ಮ,
ಲೀಲಾಧರ


ಮಾಜಿವಾಡಾ
23 ಆಗಸ್ಟ್ 2008

ಮಯೂರ್,

ಮಗಾ, ಆ ವಡೆ ತಿನ್ನುವುದನ್ನು ನಿಲ್ಲಿಸು. ನಿನ್ನ ಅಪ್ಪನಿಗೆ ಅದೇನೆಂದು ಅರ್ಥವಾಗಿಲ್ಲ, ಅಥವಾ ಅರ್ಧ ಅರ್ಥವಾಗಿದೆ. ಅದು ಇನ್ನೂ ಅಪಾಯ. ವಯಸ್ಸು ಚಿಕ್ಕದೆಂದು ಉರಿಯೂತ ಬಿಡುವುದಿಲ್ಲ, ಬೇಗ ಶುರುವಾದರೆ ಬೇಗ ಮುಗಿಸುತ್ತದೆ. ನಿನ್ನ ಅಜ್ಜನ ಮೈ, ಅಪ್ಪನ ಮೈ, ನಿನ್ನದೂ ಅದೇ ಮೈ. ಬರಿಹೊಟ್ಟೆಯಲ್ಲಿ ಠಾಣೆಗೆ ಬಾ, ರಕ್ತ ನಾನೇ ತೆಗೆಯುತ್ತೇನೆ. ಹಿಂದಿಯಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ, ಉತ್ತರ ಬರೆ.

ನಿನ್ನ ಅತ್ತೆ,
ರತ್ನಾವತಿ


ಡೊಂಬಿವಲಿ
9 ಸಪ್ಟೆಂಬರ್ 2008

ಅತ್ತೆಗೆ ನಮಸ್ಕಾರ.

ಅಕ್ಷರ ಅಮ್ಮ ಕಲಿಸಿದ್ದು. ತಪ್ಪು ಇದ್ದರೆ ಮಾಫ್ ಮಾಡಿ. ಹಿಂದಿಯಲ್ಲಿ ಬರೆದರೆ ಸುಲಭ ಇತ್ತು, ಆದರೆ ಇದು ಕನ್ನಡದಲ್ಲೇ ಹೇಳಬೇಕು ಅನ್ನಿಸಿತು.

ನಿಮ್ಮ ಎಲ್ಲಾ ಕಾಗದ ಗಲ್ಲಾದ ಕೆಳಗಿನ ಖಾನೆಯಲ್ಲಿ ಇವೆ. ಪಪ್ಪಾ ಊಟಕ್ಕೆ ಒಳಗೆ ಹೋದಾಗ ನಾನು ಎಲ್ಲಾ ಓದಿದ್ದೇನೆ. ಬೂದಿ, ಕೆಂಡ, ಸೌದೆ, ಎಲ್ಲಾ. ನನಗೆ ಗೊತ್ತಿಲ್ಲದೆ ತಿನ್ನುತ್ತಿಲ್ಲ ಅತ್ತೆ.

ಏಪ್ರಿಲ್‌ನಲ್ಲಿ ನಾನು ಪಪ್ಪಾಗೆ ಹೇಳಿದೆ, ಎಣ್ಣೆ ಫೇಕ್ ದೇತೇ ಹೈಂ, ಚೆಲ್ಲಿಬಿಡೋಣ, ಹೊಸ ಬಾಣಲೆ ತರೋಣ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಜ್ಜನ ಫೋಟೋ ಕೆಳಗಿಳಿಸಿ ಒರೆಸುತ್ತಾ ಕೂತರು, ಆ ದಿನ ಗಲ್ಲಾಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ನಾಲ್ಕೂ ತಿಂದರು. ತಿನ್ನುವಾಗ ಕೈ ಎದೆಯ ಮೇಲೆ ಇತ್ತು. ಆಗ ನನಗೆ ಗೊತ್ತಾಯಿತು, ಯಾರೋ ಒಬ್ಬರು ತಿನ್ನಲೇಬೇಕು. ನಾನು ತಿನ್ನದಿದ್ದರೆ ಪಪ್ಪಾ ತಿನ್ನುತ್ತಾರೆ. ನಾನು ತಿಂದರೆ ಅವರ ರಿಪೋರ್ಟ್ ಚೆನ್ನಾಗಿ ಬರುತ್ತದೆ. ಬಂತಲ್ಲ.

ನನಗೆ ಇನ್ನೂ ಟೈಮ್ ಇದೆ. ಪಪ್ಪಾಗೆ ಇಲ್ಲ. ರಕ್ತ ಕೊಡಲು ಬರುವುದಿಲ್ಲ, ನೋಡಿದರೆ ನಿಮಗೂ ಟೆನ್ಷನ್, ನನಗೂ. ಈ ಕಾಗದ ಪಪ್ಪಾಗೆ ತೋರಿಸಬೇಡಿ. ಅವರು ತಡೆದುಕೊಳ್ಳುವುದಿಲ್ಲ.

ನಿಮ್ಮ,
ಮಯೂರ್


ಮಾಜಿವಾಡಾ
1 ಅಕ್ಟೋಬರ್ 2008

ಲೀಲಾಧರ,

ನಿನ್ನ ಮಗ ನನಗೆ ಬರೆದ ಕಾಗದ ಇದರೊಳಗಿದೆ. ನಿನಗೆ ತೋರಿಸಬಾರದೆಂದು ಕೇಳಿಕೊಂಡಿದ್ದಾನೆ. ಮೂರು ವಾರ ಇಟ್ಟುಕೊಂಡೆ. ಅವನ ಮಾತು ಮೀರಿದ ಪಾಪ ನನಗಿರಲಿ.

ಓದಿದ ಮೇಲೆ ಏನು ಮಾಡಬೇಕೆಂದು ನಾನು ಬರೆಯುವುದಿಲ್ಲ. ನೀನು ತಂದೆ, ನಿನಗೇ ತಿಳಿಯಬೇಕು.

ರತ್ನಾವತಿ


ಡೊಂಬಿವಲಿ
10 ಅಕ್ಟೋಬರ್ 2008

ಪ್ರೀತಿಯ ಅಕ್ಕ,

ಮಯೂರನ ಕಾಗದವನ್ನು ಗಲ್ಲಾದಲ್ಲಿ ಕೂತು ಓದಲಾಗಲಿಲ್ಲ. ಒಳಗೆ ಅಕ್ಕಿ ಮೂಟೆಗಳ ಹಿಂದೆ ನಿಂತು ಓದಿದೆ. ಅಪ್ಪ ಹೋದಾಗಲೂ ಅಲ್ಲೇ ನಿಂತು ಅತ್ತಿದ್ದೆ.

ಮಾರನೆಯ ಬೆಳಿಗ್ಗೆ ಅವನಿಗಿಂತ ಮುಂಚೆ ಹೋಟೆಲಿಗೆ ಹೋದೆ. ಲೋಕನಾಥ ಮೊದಲ ಒಬ್ಬೆ ತೆಗೆದು ತಟ್ಟೆಗೆ ಹಾಕಿದ. ನಾನು ಪಟಕ್ಕೆ ತೋರಿಸಿ ತಿರುಗುವಷ್ಟರಲ್ಲಿ ಮಯೂರ್ ಬಾಗಿಲಲ್ಲಿ ನಿಂತಿದ್ದ. ಓಡಿ ಬಂದು ತಟ್ಟೆ ಹಿಡಿದ. ನಾನೂ ಬಿಡಲಿಲ್ಲ. "ಛೋಡೋ ಪಪ್ಪಾ" ಎಂದ. "ನೀನು ಬಿಡು ಮಾರಾಯ, ನಾನು ಅಪ್ಪ" ಎಂದೆ. ಇಬ್ಬರ ಕಣ್ಣಲ್ಲೂ ನೀರು, ನಡುವೆ ಆ ತಟ್ಟೆ. ಲೋಕನಾಥ ವಡೆ ತೆಗೆಯುವ ಝಾರಾ ಹಿಡಿದುಕೊಂಡು, "ಧಣಿ, ವಡೆ ಆರ್ತದೆ. ಹೊರಗೆ ಹಾಲಿನವ ಷಟರ್ ಬಡೀತಾ ಇದ್ದಾನೆ" ಎಂದ.

ಆಗ ನನಗೆ ಹೊಳೆಯಿತು. ಎರಡು ಅವನ ಕೈಗೆ ಕೊಟ್ಟೆ, ಎರಡು ನಾನು ಇಟ್ಟುಕೊಂಡೆ. ಬಾಣಲೆಯ ಮುಂದೆ ಜೊತೆಯಾಗಿ ನಿಂತು ತಿಂದೆವು. ಹಂಚಬಾರದೆಂಬ ಅಪ್ಪನ ಮಾತನ್ನು ನಾನು ಮೀರಿದ್ದು ಇದೇ ಮೊದಲು, ಅದೂ ನಿನಗಾಗಿ. ಈಗ ದಿನವೂ ಹಾಗೆಯೇ. ಅವನದೂ ಅರ್ಧವಾಯಿತು, ನನ್ನದೂ ಅರ್ಧವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನೀನು ಗೆದ್ದೆ ಅಕ್ಕ, ಇನ್ನು ಕೋಪ ಬಿಡು. ಎಣ್ಣೆ ಚೆಲ್ಲುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನವರಾತ್ರಿಯಲ್ಲಿ ಯಾರಾದರೂ ಅಂಥ ಮಾತು ಆಡುತ್ತಾರಾ?

ನಿನ್ನೆ ದಸರೆಯ ಪೂಜೆ ಚೆನ್ನಾಗಿ ಆಯಿತು. ಬಾಣಲೆಗೆ ಹೂವಿನ ಮಾಲೆ ಹಾಕಿದೆವು. ಮಯೂರನಿಗೆ ತೊಡಲು ಚಂಪಾ ಪೆಟ್ಟಿಗೆಯಿಂದ ಅಪ್ಪನ ಬಿಳಿ ಅಂಗಿ ತೆಗೆದು ಇಸ್ತ್ರಿ ಮಾಡಿ ಕೊಟ್ಟಳು. ಅವನು ಅದನ್ನು ತೊಟ್ಟು ಗಲ್ಲಾದಲ್ಲಿ ಕೂತಿದ್ದಾಗ ಹಳೆಯ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತುಬಿಟ್ಟ. "ಅರೇ, ಹುಬೇಹೂಬ್ ಬಡೇ ಶೇಠ್" ಎಂದ, ಥೇಟ್ ದೊಡ್ಡ ಧಣಿಯೇ ಎಂದು. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲಾರೆ. ಹೋದ ವರ್ಷ ದೊಗಲೆಯಾಗಿದ್ದ ಅಂಗಿ ಈಗ ಹೊಟ್ಟೆಯ ಮೇಲೆ ಸರಿಯಾಗಿ ಕೂತಿದೆ.

ನಿನ್ನ ತಮ್ಮ,
ಲೀಲಾಧರ